ಧೂಳಪ್ಪನ ಕೋಣೆ

ಬೀದರಿನ ಕೆಂಪು ಧೂಳಿಗೆ
ಈ ಕೋಣೆಯೊಳಗೆ ಪ್ರವೇಶವಿಲ್ಲ.
ಹಾಗಂತ ಬಾಗಿಲ ಮೇಲೆ ಬರೆದವರ ಹೆಸರು
ಧೂಳಪ್ಪ.

ಚಪ್ಪಲಿ ಹೊರಗೆ, ಚಹಾ ಹೊರಗೆ, ಬೆವರೂ ಹೊರಗೆ.
ಹದಿನೆಂಟು ಡಿಗ್ರಿಯ ತಂಪಿನಲ್ಲಿ ಮುನ್ನೂರ ಹನ್ನೆರಡು ಟೇಪು,
ಒಂದೊಂದರ ಬೆನ್ನ ಮೇಲೂ ನೀಲಿ ಶಾಯಿಯ ದುಂಡು ಅಕ್ಷರ:
ಉಪಗ್ರಹ, ಪಥ, ಸಾಲು, ತಾರೀಖು,
ಕೆಲವು ಕಡೆ, ಯಾರೂ ಕೇಳದಿದ್ದರೂ,
"ಅವತ್ತ ಮೋಡ ಇತ್ತು."

ಕೆಲಸಕ್ಕೆ ಸೇರಿದ ದಿನ ಅವರು ಕಲಿಸಿದ್ದು ಮೂರೇ ಅಕ್ಷರ.
"ಸಿ ಅಂದ್ರ ಗಂಟು ಕಟ್ಟು.
ಎಕ್ಸ್ ಅಂದ್ರ ಗಂಟು ಬಿಚ್ಚು.
ಟಿ ಅಂದ್ರ ಬಿಚ್ಚಬ್ಯಾಡ, ಒಳಗ ಏನೇನದ ಅಷ್ಟ ಹೇಳು.
ಬಿಚ್ಚು ಅನ್ನೋ ಬದ್ಲಿ ಕಟ್ಟು ಅಂದಿ ಅಂದ್ರ, ತಸ್ನೀಮಾ,
ಇದ್ದದ್ದರ ಮ್ಯಾಲೇ ಬರದುಬಿಡ್ತದ.
ಖರೇನಾ ಅಂತ ಒಂದು ಮಾತೂ ಕೇಳೂದಿಲ್ಲ."

ಆಜ್ಞೆಯ ಹೆಸರು ತಾರ್.
ನಮ್ಮ ಮನೆಯಲ್ಲಿ ತಾರ್ ಅಂದರೆ ಬೆಳ್ಳಿಯ ತಂತಿ,
ಕಪ್ಪು ಸುರಾಹಿಯ ಗೀರಿನೊಳಗೆ ಅಬ್ಬಾ
ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕೂರಿಸುವುದು.
ಇಬ್ಬರಿಗೂ ಕತ್ತು ನೋವು, ಸಂಬಳ ಒಬ್ಬರಿಗೆ.

ಮೊನ್ನೆ ಒಂದು ಸಾಲಿನ ಪತ್ರ ಬಂತು:
ನೌಬಾದಿನ ಕರೇಜು, ಲೇಔಟು ಏಳುವ ಮೊದಲಿನ ಚಿತ್ರ ಬೇಕು.
ಸುಲ್ತಾನರ ಕಾಲದಲ್ಲಿ ಕೆಂಗಲ್ಲೊಳಗೆ ಕೊರೆದ ನೀರಿನ ದಾರಿ,
ಮೇಲಿಂದ ಕಾಣುವುದು ಅದರ ಗಾಳಿಬಾವಿಗಳಷ್ಟೇ,
ನೆಲಕ್ಕೆ ಹಾಕಿದ ದೂರ ದೂರದ ಹೊಲಿಗೆ.

ಎಂಬತ್ತೊಂಬತ್ತನೇ ಟೇಪು. ತೊಂಬತ್ತೆಂಟರ ಮಾರ್ಚಿ.
ಕೆಂಪು ಚಿಲಕ ಸರಿಸಿದೆ, ತಪ್ಪಿಯೂ ಬರೆಯದ ಹಾಗೆ.
ಯಂತ್ರ ನುಂಗಿತು, ಗೊರಗೊರ ಅಂದಿತು,
ಮುಂದೆ ಓಡಿತು, ಹಿಂದೆ ಬಂತು,
ನಾಲಿಗೆ ತುದಿಯ ಹೆಸರೊಂದನ್ನು ಹುಡುಕುವವರ ಹಾಗೆ.
ಮೊದಲು ಟಿ. ಹೆಸರುಗಳು ಸರಸರ ಇಳಿದವು. ಇದೆ.
ಆಮೇಲೆ ಎಕ್ಸ್.

"ಕೂಡಿದ್ರ ಸುಮ್ಮನಿರ್ತದ, ಕೆಟ್ಟರ ಒದರ್ತದ,
ಥೇಟ್ ನಮ್ಮ ಸಾಹೇಬ್ರು."
ಒದರಿತು.
ನಾಲ್ಕು ಸಾವಿರದ ಎಪ್ಪತ್ತೊಂದನೇ ಬ್ಲಾಕು, ಓದಲಾಗಲಿಲ್ಲ.
ತೆರೆದ ಚಿತ್ರದಲ್ಲಿ ಮೇಲೆ ಹನ್ನೊಂದು ಚುಕ್ಕಿ,
ಕೆಳಗೆ ಆರು,
ನಡುವೆ ಊರಗಲ ಕರಿ ಪಟ್ಟಿ.

ಭಾಲ್ಕಿಗೆ ಫೋನು ಹಚ್ಚಿದೆ.
"ತೆಲಿ ಒರಸು."
ಯಾರ ತೆಲಿ, ಸರ್?
"ಮೊದಲ ಯಂತ್ರದ್ದು. ಆಮ್ಯಾಲ ನಿಂದು.
ಕೊನೀತನ ಓಡಿಸಿ ವಾಪಸ್ ಸುತ್ತು, ಸಡಿಲಾಗಿರ್ತದ.
ಒಂದು ರಾತ್ರಿ ಕೋಣ್ಯಾಗ ಬಿಡು. ಗಡಿಬಿಡಿ ಮಾಡಬ್ಯಾಡ,
ಇಪ್ಪತ್ತೇಳು ವರ್ಷ ಸುಮ್ಮನಿದ್ದದ್ದದು."
ಹಿಂದೆ ಪ್ರೆಶರ್ ಕುಕ್ಕರ್ ಸೀಟಿ. ಇಟ್ಟುಬಿಟ್ಟರು.

ಬೆಳಿಗ್ಗೆ ಮತ್ತೆ ಎಕ್ಸ್. ಮಿನುಗುವ ಗೆರೆಯೊಂದೇ.
ಒಂದು ಮಾತಿಲ್ಲ.
ಪಟ್ಟಿ ಪೂರ್ತಿ ಹೋಗಲಿಲ್ಲ, ಕೂದಲೆಳೆಯಷ್ಟು ಉಳಿಯಿತು,
ಆದರೆ ಕತ್ತಲಿನಿಂದ ನಾಲ್ಕು ಚುಕ್ಕಿ ಹೊರಗೆ ಬಂದವು:
ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು.

ಇವತ್ತಿನ ನಕ್ಷೆ ತಂದು ಮೇಲೆ ಹಾಸಿದೆ.
ಹದಿನಾಲ್ಕನೆಯದು
ಮೂವತ್ತು ನಲವತ್ತರ ಒಂದು ಸೈಟಿನೊಳಗೆ,
ಈಶಾನ್ಯ ಮೂಲೆಗೆ ಸ್ವಲ್ಪ ಈಚೆ.
ಆ ಸೈಟು ನನ್ನದು.
ಏಪ್ರಿಲಿನಲ್ಲೂ ಅಲ್ಲಿ ಹುಲ್ಲು ಹಸಿರಿದ್ದದ್ದಕ್ಕೆ
ಮಣ್ಣು ಒಳ್ಳೆಯದು ಅಂದುಕೊಂಡಿದ್ದೆ.
ಅಡುಗೆಮನೆ ಎಲ್ಲಿ ಅಂತ ಕಡ್ಡಿಯಲ್ಲಿ ಗೆರೆಯೂ ಎಳೆದಿದ್ದೆ.

ಆ ಕೂದಲೆಳೆ ಇನ್ನೊಂದಿಷ್ಟು ದಪ್ಪಗಿದ್ದಿದ್ದರೆ
ಯಾರು ಕೇಳುತ್ತಿದ್ದರು?
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಎಣಿಸಿದೆ, ಸ್ವಲ್ಪ ಹೊತ್ತು.
ಹೊಸ ಟೇಪು ಹಾಕಿದೆ.
ಸಿ.
ಹದಿನಾಲ್ಕನ್ನೂ ಸೇರಿಸಿ ಗಂಟು ಕಟ್ಟಿತು,
ಖರೇನಾ ಅಂತ ಕೇಳಲಿಲ್ಲ.
ಟಿ ಒತ್ತಿ ಎರಡು ಸಲ ಓದಿಸಿಕೊಂಡೆ.

ಬೆನ್ನಿನ ಚೀಟಿಗೆ ನನ್ನ ಸೊಟ್ಟ ಅಕ್ಷರ:
ಪಥ, ಸಾಲು, ತಾರೀಖು,
ಯಾರೂ ಕೇಳದಿದ್ದರೂ,
"ಅವತ್ತು ಮೋಡ ಇರಲಿಲ್ಲ."

ಶಾಯಿ ಆರಲಿ ಅಂತ ಊದಬಾರದು ಇಲ್ಲಿ.
ಅದೂ ಬಾಗಿಲ ಮೇಲಿದೆ.